ಮೇಣದ ಒಲೆಗೆ ಎಷ್ಟು ಅಂಕ?

ಆ ಕೋಣೆಗೆ ಒಂದೇ ಬಾಗಿಲು. ಕಿಟಕಿಯೂ ಒಂದಿದೆ. ಆದರೆ ಅದಕ್ಕೆ ಕಬ್ಬಿಣದ ಸರಳು ಹಾಕಿರುವುದರಿಂದ ಗಾಳಿ ಓಡಾಡಬಹುದು, ಮನುಷ್ಯರು ಓಡಾಡುವ ಹಾಗಿಲ್ಲ. ಒಳಗೆ ಐದು ಜನ ಹೆಂಗಸರು ಮೇಣದಬತ್ತಿ ಮಾಡುತ್ತಾರೆ.

ಈ ಉದ್ಯೋಗ ಕಟ್ಟಿದವರು ದೊಡ್ಡಮ್ಮ. ಅವರಿಗಿಂತ ವಯಸ್ಸಿನಲ್ಲಿ ಹಿರಿಯಳಾದ ಬತ್ತಿಯವಳೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಾಳೆ. ಕೆಲಸ ಕೊಟ್ಟವರ ವಯಸ್ಸು ತಾನಾಗಿಯೇ ಏರುತ್ತದೆ. ಬತ್ತಿಯವಳ ಕೆಲಸ ದಾರ ಕತ್ತರಿಸಿ ಅಚ್ಚಿನೊಳಗೆ ನಿಲ್ಲಿಸುವುದು. ಆದ ಬತ್ತಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುವವಳಿಗೆ ರೇಡಿಯೋ ಎಂದು ಹೆಸರು. ಕರೆಂಟು ಹೋದರೂ ನಿಲ್ಲದ ರೇಡಿಯೋ. ಮೇಣ ಕರಗಿಸುವವರು ಚಿಕ್ಕಮ್ಮ, ಅಂದರೆ ದೊಡ್ಡಮ್ಮನ ಒಡಹುಟ್ಟಿದ ತಂಗಿ. ಮಂಡಿನೋವಿನವರು, ಹೆಚ್ಚು ಮಾತಿಲ್ಲದವರು. ಕೋಣೆಯ ಒಳಮೂಲೆಯಲ್ಲಿ ಗ್ಯಾಸ್ ಒಲೆ, ಒಲೆಯ ಮೇಲೆ ಮೇಣದ ಪಾತ್ರೆ, ಅದರ ಪಕ್ಕದಲ್ಲಿ ಗೋಡೆಗೆ ಒತ್ತಿ ಚಿಕ್ಕಮ್ಮನ ಸ್ಟೂಲು. ಐದನೆಯವಳು ದೊಡ್ಡಮ್ಮನ ಸೊಸೆ. ಮದುವೆಗೆ ಮುಂಚೆ ಬಣ್ಣದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವಳು. ಈಗ ಅಚ್ಚಿಗೆ ಮೇಣ ಹೊಯ್ಯುತ್ತಾಳೆ.

ಆ ವಾರ ಒಂದು ಹೋಟೆಲಿನಿಂದ ದುಪ್ಪಟ್ಟು ಬತ್ತಿಗೆ ಬೇಡಿಕೆ ಬಂತು. ಶನಿವಾರದೊಳಗೆ ಕೊಡಬೇಕು. ದೊಡ್ಡಮ್ಮ ಇನ್ನೊಂದು ಒಲೆ ತರಿಸಿದರು. ಅದನ್ನಿಡಲು ಉಳಿದಿದ್ದ ಜಾಗ ಒಂದೇ, ಬಾಗಿಲ ಪಕ್ಕ.

"ಇಲ್ಲಿ ಬೇಡ ಅತ್ತೆ," ಎಂದಳು ಸೊಸೆ.

"ಮತ್ತೆಲ್ಲಿ ಇಡಲಿ, ನನ್ನ ತಲೆ ಮೇಲಾ?"

"ಎಲ್ಲಿಡೋದು ಅಂತ ಆಮೇಲೆ ನೋಡೋಣ. ಮೊದಲು ಅಪಾಯಕ್ಕೆ ಅಂಕ ಹಾಕೋಣ. ಫ್ಯಾಕ್ಟರೀಲಿ ಹೊಸ ಕೆಲಸ ಯಾವುದೇ ಬರಲಿ, ಇದನ್ನ ಮಾಡದೆ ಶುರು ಮಾಡ್ತಿರಲಿಲ್ಲ."

"ಅಪಾಯ ಏನು ಶಾಲೆಗೆ ಹೋಗುತ್ತಾ, ಅಂಕ ಹಾಕೋಕೆ?"

ರೇಡಿಯೋ ನಕ್ಕಳು. ದೊಡ್ಡಮ್ಮ ಹೇಳಿದ್ದಕ್ಕೆ ಮೊದಲು ನಗುವುದು ಅವಳ ಕೆಲಸದಲ್ಲೇ ಸೇರಿತ್ತು.

ಸೊಸೆ ಬಿಡಲಿಲ್ಲ. "ಎರಡೇ ಪ್ರಶ್ನೆ. ಒಂದು, ಇದು ಆಗೋ ಸಾಧ್ಯತೆ ಎಷ್ಟು? ಅಪರೂಪ ಅಂದ್ರೆ ಒಂದು, ಆಗಬಹುದು ಅಂದ್ರೆ ಎರಡು, ಇವತ್ತೋ ನಾಳೆನೋ ಆಗೇ ಆಗುತ್ತೆ ಅಂದ್ರೆ ಮೂರು. ಎರಡನೇದು, ಆದರೆ ಪೆಟ್ಟು ಎಷ್ಟು? ಮುಲಾಮು ಹಚ್ಚಿದರೆ ಹೋಗೋದಕ್ಕೆ ಒಂದು, ಆಸ್ಪತ್ರೆಗೆ ಹೋಗೋ ಹಾಗಿದ್ದರೆ ಎರಡು, ಜೀವಕ್ಕೋ ಕೈಕಾಲಿಗೋ ಕುತ್ತು ತರೋದಕ್ಕೆ ಮೂರು. ಎರಡು ಅಂಕವನ್ನೂ ಗುಣಿಸೋದು, ಅಷ್ಟೇ."

"ಗುಣಿಸಿ?"

"ಒಂದು, ಎರಡು ಬಂದರೆ ಗಮನ ಇಟ್ಟು ಕೆಲಸ ಮಾಡೋದು. ಮೂರು, ನಾಲ್ಕು ಬಂದರೆ ತಡ ಮಾಡದೆ ಏನಾದರೂ ಸರಿಮಾಡೋದು. ಆರೋ ಒಂಬತ್ತೋ ಬಂದರೆ, ಸರಿಮಾಡೋ ತನಕ ಕೆಲಸಾನೇ ಶುರು ಮಾಡಬಾರದು."

"ಶನಿವಾರ ಹೋಟೆಲಿನವರಿಗೆ ಒಂಬತ್ತನ್ನ ಪೆಟ್ಟಿಗೇಲಿ ಹಾಕಿ ಕಳಿಸೋಣ," ಎಂದರು ದೊಡ್ಡಮ್ಮ. ಆದರೂ ಸೊಸೆಯ ಮಾತಿಗೆ ಒಂದು ಸಲ ಕೂತಂತಾಗಲಿ ಎಂದು ಕೂತರು. "ಆಯ್ತು, ನಾನೇ ಹಾಕ್ತೀನಿ. ಬೆರಳು ಸುಟ್ಟುಕೊಳ್ಳೋದು ದಿನಾ ಇದ್ದಿದ್ದೇ. ಅದಕ್ಕೆ ಮೂರು. ಮೇಣಕ್ಕೆ ಬೆಂಕಿ ಹತ್ತೋದು, ಇಷ್ಟು ವರ್ಷದಲ್ಲಿ ಒಂದು ದಿನವೂ ಹತ್ತಿಲ್ಲ. ಸೊನ್ನೆ. ಮುಗೀತಲ್ಲ?"

"ಸೊನ್ನೆ ಅಂತ ಇಲ್ಲ ಅತ್ತೆ. ಎಲ್ಲರೂ ಹೇಳಬೇಕು."

"ಹೇಳ್ರೇ."

"ದೊಡ್ಡಮ್ಮ ಹೇಳಿದ ಮೇಲೆ ಇನ್ನೇನಿದೆ?" ಎಂದಳು ರೇಡಿಯೋ.

"ನನ್ನದೂ ಅದೇ," ಎಂದಳು ಬತ್ತಿಯವಳು.

"ಅದೇ ಅಂದ್ರೆ ಎಷ್ಟು?" ಎಂದು ಸೊಸೆ ಕೇಳಿದಳು.

"ಅವರು ಎಷ್ಟು ಹೇಳಿದರೋ ಅಷ್ಟು. ನಾನು ದಾರ ಎಣಿಸ್ತಿದ್ದೆ, ಸರಿಯಾಗಿ ಕೇಳಿಸಲಿಲ್ಲ."

ಚಿಕ್ಕಮ್ಮ ಪಾತ್ರೆಯೊಳಗೆ ಸೌಟು ಆಡಿಸುತ್ತಾ, "ಅಕ್ಕ ಹೇಳಿದ ಹಾಗೆ," ಎಂದರು.

ಹೀಗೆ ಐದು ಜನ ಕೂತು ಒಬ್ಬರೇ ಯೋಚನೆ ಮಾಡಿದರು. ಅನೇಕ ಸಭೆಗಳು ನಡೆಯುವುದೇ ಹೀಗೆ. ಹಿರಿಯರು ಬಾಯಿ ತೆರೆಯುತ್ತಾರೆ, ಉಳಿದವರು ತಲೆ ಆಡಿಸುತ್ತಾರೆ, ಎಲ್ಲರೂ ಒಪ್ಪಿದರು ಎಂದು ಬರೆದುಕೊಂಡು ಎದ್ದುಹೋಗುತ್ತಾರೆ.

ಸೊಸೆಗೆ ಅತ್ತೆಯ ಎದುರು ವಾದ ಮಾಡುವ ಆಸೆ ಇರಲಿಲ್ಲ. ರಾತ್ರಿ ಊಟಕ್ಕೆ ಅದೇ ಮನೆಗೆ ಹೋಗಬೇಕಲ್ಲ. ಅವಳು ಮೂಲೆಯಲ್ಲಿದ್ದ ಟಬ್ಬನ್ನು ಎಳೆದು ನಡುವೆ ಇಟ್ಟಳು. ಮುರಿದ, ಸೊಟ್ಟಗಾದ ಬತ್ತಿಗಳ ತುಂಡುಗಳನ್ನು ಮತ್ತೆ ಕರಗಿಸಲು ಅದರಲ್ಲಿ ಹಾಕಿಡುತ್ತಿದ್ದರು.

"ಬಾಯಲ್ಲಿ ಹೇಳೋದು ಬೇಡ. ಎಷ್ಟು ಅಂಕವೋ ಅಷ್ಟು ತುಂಡು ಮುಷ್ಟೀಲಿ ಹಿಡ್ಕೊಳ್ಳಿ. ಒಬ್ಬರದನ್ನ ಒಬ್ಬರು ನೋಡಬಾರದು. ನಾನು ಹೇಳಿದಾಗ ಎಲ್ಲರೂ ಒಟ್ಟಿಗೆ ಬಿಚ್ಚಬೇಕು. ಮೇಣಕ್ಕೆ ಬೆಂಕಿ ಹತ್ತೋ ಸಾಧ್ಯತೆ ಎಷ್ಟು?"

"ಇದೇನು ಮಕ್ಕಳಾಟ," ಎಂದರು ದೊಡ್ಡಮ್ಮ. ಆದರೆ ಆಟ ಎಂದ ಮೇಲೆ ಯಾರಿಗೆ ಬೇಡ? ಎಲ್ಲರ ಕೈಯೂ ಟಬ್ಬಿಗೆ ಹೋಯಿತು, ಬೆನ್ನ ಹಿಂದೆ ಮರೆಯಾಯಿತು, ಮುಷ್ಟಿಯಾಗಿ ಮುಂದೆ ಬಂತು.

"ಬಿಚ್ಚಿ."

ದೊಡ್ಡಮ್ಮನ ಅಂಗೈ ಖಾಲಿ. ಸೊನ್ನೆ ಇಲ್ಲವೆಂದರೂ ಅವರು ಸೊನ್ನೆಯನ್ನೇ ಹಿಡಿದಿದ್ದರು. ಸೊಸೆಯದು ಎರಡು. ಬತ್ತಿಯವಳದ್ದೂ ಎರಡು. ರೇಡಿಯೋಳ ಕೈಯಲ್ಲೂ ಎರಡು. ಅವಳು ಅದನ್ನು ನೋಡಿ ಯಾರೋ ತಂದಿಟ್ಟು ಹೋದರೇನೋ ಎಂಬಂತೆ ಮುಖ ಮಾಡಿದಳು.

ಚಿಕ್ಕಮ್ಮ ಇನ್ನೂ ಮುಷ್ಟಿ ಬಿಚ್ಚಿರಲಿಲ್ಲ.

"ಬಿಚ್ಚೇ, ಚಿನ್ನ ಏನಾದರೂ ಇದೆಯಾ ಅದರಲ್ಲಿ?" ಎಂದರು ದೊಡ್ಡಮ್ಮ.

ಬಿಚ್ಚಿದರು. ಮೂರು ತುಂಡು.

ದೊಡ್ಡಮ್ಮ ತಂಗಿಯ ಅಂಗೈ ಎಳೆದು ತುಂಡು ಎಣಿಸಿದರು.

"ಏನೇ ಇದು?" ಎಂದರು ದೊಡ್ಡಮ್ಮ.

"ಆಗಾಗ ಹೊಗೆ ಬರುತ್ತೆ ಅಕ್ಕ," ಎಂದರು ಚಿಕ್ಕಮ್ಮ. "ಉರಿ ಜಾಸ್ತಿ ಆಯ್ತು ಅಂದ್ರೆ ಮೇಣದಿಂದ ಬಿಳೀ ಹೊಗೆ ಏಳುತ್ತೆ. ಮೊನ್ನೆ ಅಂಚಲ್ಲಿ ಒಂದು ಕಿಡಿ ಹತ್ತಿತ್ತು. ಒಲೆ ಆರಿಸಿದೆ. ಅದೂ ತಾನಾಗೇ ಆರಿತು."

"ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ಬೈತಿದ್ದೆ."

"ಬೈದಿದ್ದರೆ ಏನಾಗ್ತಿತ್ತು?"

"ಬೈಸಿಕೊಳ್ಳೋದು ತಪ್ಪಲಿ ಅಂತಾನೇ ಹೇಳಲಿಲ್ಲ."

ಸೊಸೆ ಮೆಲ್ಲಗೆ ಹೇಳಿದಳು: "ಇದೇ ಅತ್ತೆ ವಿಷಯ. ಆಗಿಲ್ಲ ಅಂತ ನಾವು ಅಂದುಕೊಂಡಿರ್ತೀವಿ. ಆಗ್ತಾ ಆಗ್ತಾ ತಪ್ಪಿಹೋಗಿದ್ದು ನಮಗೆ ಗೊತ್ತೇ ಇರಲ್ಲ. ತಪ್ಪಿಹೋಗಿದ್ದನ್ನೂ ಲೆಕ್ಕಕ್ಕೆ ಹಿಡೀಬೇಕು."

ಆಮೇಲೆ ಎರಡನೇ ಪ್ರಶ್ನೆ. ಬೆಂಕಿ ಹತ್ತಿದರೆ ಪೆಟ್ಟು ಎಷ್ಟು? ಈ ಸಲ ಐದು ಅಂಗೈಯಲ್ಲೂ ಮೂರು ಮೂರು ತುಂಡು. ದೊಡ್ಡಮ್ಮನದರಲ್ಲೂ.

"ಸತ್ತರೆ ನಾಲ್ಕು ಇಲ್ಲವಾ?" ಎಂದು ರೇಡಿಯೋ ಕೇಳಿದಳು.

"ಇಲ್ಲ. ಮೂರೇ."

"ಹೋಗಲಿ ಬಿಡು, ಸತ್ತ ಮೇಲೆ ಅಂಕಕ್ಕೆ ಜಗಳ ಮಾಡೋರು ಯಾರು."

"ಸಾಧ್ಯತೆ ಬಗ್ಗೆ ಅಂಕ ಬೇರೆ ಬೇರೆ ಬಂದಾಗ," ಎಂದಳು ಸೊಸೆ, "ಆ ಕೆಲಸ ದಿನಾ ಮಾಡೋರ ಅಂಕ ಹಿಡೀಬೇಕು. ಚಿಕ್ಕಮ್ಮಂದು ಮೂರು. ಮೂರು ಮೂರಲೆ ಒಂಬತ್ತು. ಬೆರಳು ಸುಡೋದೂ ದಿನಾ ಆಗುತ್ತೆ, ಅದಕ್ಕೂ ಸಾಧ್ಯತೆ ಮೂರು. ಆದರೆ ಪೆಟ್ಟು ಒಂದೇ. ಒಟ್ಟು ಮೂರು. ದಿನಾ ಕಾಣೋ ಅಪಾಯಕ್ಕೆ ನಾವು ಹೆದರ್ತೀವಿ. ದೊಡ್ಡ ಅಪಾಯ ದಿನಾ ಮುಖ ತೋರಿಸಲ್ಲ."

ದೊಡ್ಡಮ್ಮ ಸೋಲುವವರಲ್ಲ. ಒಲೆಯ ಪಕ್ಕ ಇದ್ದ ಬಕೆಟ್ಟನ್ನು ತೋರಿಸಿದರು. ತುಂಬಿದ ನೀಲಿ ಬಕೆಟ್ಟು, ಮೇಲೆ ಒಂದು ಚೊಂಬು. "ನಾನೇನು ಕಣ್ಣು ಮುಚ್ಚಿ ಕೂತಿದ್ದೀನಾ? ಬೆಂಕಿ ಹತ್ತಿದರೆ ಇರಲಿ ಅಂತ ದಿನಾ ಬೆಳಗ್ಗೆ ನಾನೇ ನೀರು ತುಂಬಿಸ್ತೀನಿ."

"ಅತ್ತೆ, ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೆ ಏನಾಗುತ್ತೆ?"

"ಸಿಡಿಯುತ್ತೆ. ಇದೂ ಒಂದು ಪ್ರಶ್ನೆನಾ?"

"ಮೇಣವೂ ಕರಗಿದ ಮೇಲೆ ಎಣ್ಣೆನೇ. ಹತ್ತಿ ಉರೀತಿರೋ ಮೇಣಕ್ಕೆ ನೀರು ಹಾಕಿದರೆ ನೀರು ತಳಕ್ಕೆ ಇಳಿದು, ಆ ಗಳಿಗೇಲೇ ಆವಿಯಾಗಿ ಮೇಲೇಳುತ್ತೆ. ಏಳುವಾಗ ಉರಿಯೋ ಮೇಣವನ್ನೂ ಎತ್ತಿಕೊಂಡು ಸೂರಿನ ತನಕ ಹೋಗುತ್ತೆ. ಹನಿಗೇ ಸಿಡಿಯೋದು ಬಕೆಟ್ಟಿಗೆ ಏನಾದೀತು?"

ದೊಡ್ಡಮ್ಮ ಬಕೆಟ್ಟನ್ನು ನೋಡಿದರು. ದಿನಾ ಬೆಳಗ್ಗೆ ತಾವೇ ಕೈಯಾರೆ ತುಂಬಿಸಿಟ್ಟ ಬಕೆಟ್ಟು, ತಂಗಿಯ ಮಗ್ಗುಲಲ್ಲೇ.

ಆದರೂ ಅಂದರು: "ಸರಿ, ನೀರು ಬೇಡ. ಎರಡನೇ ಒಲೆ ಮಾತ್ರ ಇಲ್ಲೇ ಇರಲಿ, ಶನಿವಾರದ ತನಕ. ಎಲ್ಲರೂ ಸ್ವಲ್ಪ ಹುಷಾರಾಗಿದ್ದರೆ ಆಯ್ತು."

"ಹುಷಾರು ಅನ್ನೋದು ಹಾರೈಕೆ ಅತ್ತೆ, ಉಪಾಯ ಅಲ್ಲ. ಬೇರೆ ಎಲ್ಲ ಉಪಾಯ ಮಾಡಿದ ಮೇಲೆ ಕೊನೇಲಿ ಹೇಳೋ ಮಾತು ಅದು." ಸೊಸೆ ಒಳಮೂಲೆಯ ಕಡೆ ಕೈ ತೋರಿಸಿ, "ನೀವು ಒಂದೇ ಒಂದು ಸಲ ಚಿಕ್ಕಮ್ಮನ ಸ್ಟೂಲಿನ ಮೇಲೆ ಕೂತು ನೋಡಿ. ಆಮೇಲೆ ನೀವು ಹೇಳಿದ ಹಾಗೆ," ಎಂದಳು.

ಚಿಕ್ಕಮ್ಮ ಒಲೆ ಆರಿಸಿ ಎದ್ದು ಹೊರಗೆ ಬಂದರು. ಗೋಡೆ ಹಿಡಿದು, ಬೀರು ಹಿಡಿದು, ಮೇಜು ಹಿಡಿದು ಬಂದರು. ಅವರು ಯಾವಾಗಲೂ ಹಾಗೇ ನಡೆಯುವುದು, ಯಾರೂ ಅದನ್ನು ಗಮನಿಸುತ್ತಿರಲಿಲ್ಲ. ದೊಡ್ಡಮ್ಮ ಹೋಗಿ ಸ್ಟೂಲಿನ ಮೇಲೆ ಕೂತರು. ಸೊಸೆ ಬಾಗಿಲ ಪಕ್ಕದ ಹೊಸ ಒಲೆಯ ಮೇಲೆ, ಗ್ಯಾಸ್ ಹಚ್ಚದೆ, ಖಾಲಿ ಪಾತ್ರೆ ಇಟ್ಟಳು. ರೇಡಿಯೋ ತುಂಬಿಟ್ಟ ಪೆಟ್ಟಿಗೆಗಳು ದಿನಾ ಇರುವಂತೆ ಅದರ ಎದುರು ಗೋಡೆಯುದ್ದಕ್ಕೂ ನಿಂತಿದ್ದವು.

"ಈ ಬಾಗಿಲ ಹತ್ತಿರದ ಪಾತ್ರೆಗೆ ಬೆಂಕಿ ಹತ್ತಿದೆ ಅಂದುಕೊಳ್ಳಿ. ಉರಿ ಸೊಂಟದ ಮೇಲಕ್ಕೆ ಬಂದಿದೆ. ಪಾತ್ರೆ ಮುಟ್ಟಬೇಡಿ. ಹೊರಗೆ ಬನ್ನಿ."

ದೊಡ್ಡಮ್ಮ ನಗುತ್ತಲೇ ಎದ್ದರು. ಏಳುವಾಗ ಭುಜ ಅಚ್ಚಿನ ಹಲಗೆಗೆ ತಗುಲಿತು, ನಾಲ್ಕು ಅಚ್ಚು ಕೆಳಗೆ ಉರುಳಿದವು. ಅದನ್ನು ದಾಟಿ ಮೇಜಿನ ಸಂದಿಗೆ ಬಂದರು. ಬಾಗಿಲ ಹತ್ತಿರ ಬಂದಾಗ ಎಡಗಡೆ ಒಲೆ, ಬಲಗಡೆ ಪೆಟ್ಟಿಗೆ. ನಡುವೆ ಒಬ್ಬರು ಅಡ್ಡಡ್ಡ ತಿರುಗಿ ಹೋಗುವಷ್ಟು ಜಾಗ. ಅವರು ಅಡ್ಡ ತಿರುಗಿದರು. ಬಟ್ಟೆಯ ಅಂಚು ಪಾತ್ರೆಯ ಬಾಯಿಗೆ ತಾಗಿತು.

"ಹತ್ತಿಕೊಂಡಿತು," ಎಂದಳು ಸೊಸೆ.

ದೊಡ್ಡಮ್ಮ ಅಲ್ಲೇ ನಿಂತರು. ನಗು ಎಲ್ಲೋ ಬಿದ್ದುಹೋಗಿತ್ತು. ತಿರುಗಿ ತಂಗಿಯ ಕಡೆ ನೋಡಿದರು. ಚಿಕ್ಕಮ್ಮ ಹೊಸಿಲ ಆಚೆ ಮಂಡಿ ನೀವಿಕೊಳ್ಳುತ್ತಾ ನಿಂತಿದ್ದರು.

"ಗಟ್ಟಿಮುಟ್ಟಾಗಿರೋ ನಂಗೇ ಹೀಗಾಯ್ತು. ನೀನು ಹೇಗೇ ಬರ್ತೀಯ?"

"ನಾನು ಬರಲ್ಲ ಅಕ್ಕ," ಎಂದರು ಚಿಕ್ಕಮ್ಮ. ಇವತ್ತು ಸಂತೆಗೆ ಬರಲ್ಲ ಎಂದಷ್ಟೇ ಸಲೀಸಾಗಿ.

"ಬರಲ್ಲ ಅಂದ್ರೆ?"

"ಬರೋಕಾಗಲ್ಲ. ಒಲೆ ಇಲ್ಲಿಡ್ತೀನಿ ಅಂತ ನೀನು ಅಂದಾಗಲೇ ಲೆಕ್ಕ ಹಾಕಿದೆ. ಮೂರೇ ತುಂಡು ಅಂದಳು ಇವಳು. ಇಲ್ಲದಿದ್ದರೆ ಇನ್ನೂ ಹಾಕ್ತಿದ್ದೆ."

ದೊಡ್ಡಮ್ಮ ಬಗ್ಗಿ ಹೊಸ ಒಲೆಯ ಒಂದು ತುದಿ ಹಿಡಿದರು. "ಏನು ನೋಡ್ತಾ ನಿಂತಿದ್ದೀಯ? ಆ ಕಡೆ ಹಿಡಿ," ಎಂದು ರೇಡಿಯೋಳಿಗೆ ಗದರಿದರು. ಒಲೆ ಅಂಗಳಕ್ಕೆ ಹೋಯಿತು.

ಆಮೇಲೆ ಹೋಟೆಲಿಗೆ ಫೋನು ಮಾಡಿದರು. "ಶನಿವಾರ ಅರ್ಧ ಕೊಡ್ತೀವಿ, ಉಳಿದಿದ್ದು ಮುಂದಿನ ವಾರ," ಎಂದರು. ಹೋಟೆಲಿನ ಮ್ಯಾನೇಜರು ಹಾಗಾದರೆ ಉಳಿದರ್ಧ ಬೇರೆಯವರ ಹತ್ತಿರ ತೆಗೆದುಕೊಳ್ಳುತ್ತೇವೆ ಎಂದು ಮರ್ಯಾದೆಯಿಂದಲೇ ಹೇಳಿ ಫೋನಿಟ್ಟರು. ಕಥೆಗಳಲ್ಲಿ ಇಂಥ ಹೊತ್ತಿಗೆ ಮ್ಯಾನೇಜರಿಗೆ ಮನಸ್ಸು ಕರಗುತ್ತದೆ. ಇಲ್ಲಿ ಮೇಣ ಮಾತ್ರ ಕರಗುವುದು.

"ಅರ್ಧ ಹೋಯ್ತು," ಎಂದಳು ಬತ್ತಿಯವಳು.

"ಹೋದರೆ ಹೋಗಲಿ. ಇನ್ನೊಬ್ಬ ಗಿರಾಕಿ ಸಿಗ್ತಾನೆ," ಎಂದರು ದೊಡ್ಡಮ್ಮ. ಇನ್ನೊಬ್ಬ ತಂಗಿ ಸಿಗುವುದಿಲ್ಲ ಎಂಬುದನ್ನು ಅವರು ಹೇಳಲಿಲ್ಲ. ಚಿಕ್ಕಮ್ಮನ ಕಡೆ ನೋಡಲೂ ಇಲ್ಲ.

ಒಂದೆರಡು ದಿನದಲ್ಲಿ ಆ ಕೋಣೆ ಬದಲಾಯಿತು. ದೊಡ್ಡ ಖರ್ಚೇನೂ ಆಗಲಿಲ್ಲ. ಮೇಣದ ಒಲೆ ಬಾಗಿಲಿಗೆ ದೂರವೂ ಅಲ್ಲ, ಅಡ್ಡವೂ ಅಲ್ಲ ಎನ್ನುವ ಜಾಗಕ್ಕೆ ಬಂತು. ಚಿಕ್ಕಮ್ಮನ ಸ್ಟೂಲು ಒಲೆಗೂ ಬಾಗಿಲಿಗೂ ನಡುವೆ. ಎದ್ದರೆ ಎದುರಿಗೇ ಹೊಸಿಲು, ದಾರಿಯಲ್ಲಿ ಹಿಡಿದುಕೊಳ್ಳಲು ಗೋಡೆಗೆ ಒಂದು ಕಂಬಿ. ಪೆಟ್ಟಿಗೆಗಳು ಬೇರೆ ಕೋಣೆಗೆ ಹೋದವು. ಮೇಣದ ಪಾತ್ರೆಯನ್ನು ನೇರ ಉರಿಯ ಮೇಲಿಡುವುದು ನಿಂತಿತು. ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಪಾತ್ರೆ ಇಳಿಸಿದರು. ಹೊರಗಿನ ನೀರು ಬತ್ತದಂತೆ ನೋಡಿಕೊಂಡರೆ ಮೇಣ ಕುದಿಯುವ ನೀರಿಗಿಂತ ಹೆಚ್ಚು ಕಾಯುವುದಿಲ್ಲ, ಹೊಗೆಯೂ ಏಳುವುದಿಲ್ಲ. ಕರಗಲು ತಡವಾಗುತ್ತದೆ, ಅಷ್ಟೇ. ಪಾತ್ರೆಯ ಬಾಯಿಗಿಂತ ಅಗಲವಾದ ತಗಡಿನ ಮುಚ್ಚಳ ಚಿಕ್ಕಮ್ಮನ ಕೈಗೆಟಕುವಲ್ಲಿ ನೇತುಬಿತ್ತು. ಗ್ಯಾಸ್ ಸಿಲಿಂಡರು ಗೋಡೆಯ ಆಚೆಗೆ ಹೋಯಿತು. ಬಾಗಿಲ ಹೊರಗೆ, ಒಣ ಪುಡಿ ಚೆಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ಬಂತು. ಅದನ್ನು ಬಳಸುವುದು ಹೇಗೆಂದು ಎಲ್ಲರೂ ಕಲಿತರು. ನೀಲಿ ಬಕೆಟ್ಟು ಅಂಗಳದ ನಲ್ಲಿಯ ಕೆಳಗೆ ಹೋಯಿತು. ಬೆರಳು ಸುಟ್ಟರೆ ತಣ್ಣೀರು ಬೇಕೇ ಬೇಕಲ್ಲ.

ಮೇಣಕ್ಕೆ ಬೆಂಕಿ ಹತ್ತಿದರೆ ಏನು ಮಾಡಬೇಕೆಂದು ಎಲ್ಲರಿಗೂ ಬಾಯಿಪಾಠ. ರೇಡಿಯೋ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾಳೆ: "ಗ್ಯಾಸ್ ಆರಿಸು, ಮುಚ್ಚಳ ಮುಚ್ಚು, ಪಾತ್ರೆ ಎತ್ತಬೇಡ, ನೀರು ಹಾಕಬೇಡ. ಹತ್ತಿರ ಹೋಗೋಕಾಗದಷ್ಟು ಉರಿ ಇದ್ದರೆ ಎಲ್ಲ ಬಿಟ್ಟು ಓಡು, ಹೊರಗೆ ನಿಂತು ಅಗ್ನಿಶಾಮಕದವರಿಗೆ ಫೋನು ಮಾಡು."

ಎಲ್ಲ ಮುಗಿದ ಮೇಲೆ ಸೊಸೆ ಮತ್ತೆ ತುಂಡುಗಳ ಟಬ್ಬು ಎಳೆದಳು. ಬೆಂಕಿಯ ಸಾಧ್ಯತೆಗೆ ಈ ಸಲ ಎಲ್ಲರ ಕೈಯಲ್ಲೂ ಒಂದೊಂದು ತುಂಡು. ಪೆಟ್ಟಿನ ಅಂಕ ಮಾತ್ರ ಹಿಂದಿನಂತೆ ಮೂರು.

"ಇದೇನೇ, ಇಷ್ಟೆಲ್ಲ ಮಾಡಿದ ಮೇಲೂ ಮೂರೇನಾ?" ಎಂದರು ದೊಡ್ಡಮ್ಮ.

"ಬೆಂಕಿ ಹತ್ತಿದರೆ ಸುಡೋದು ಅಷ್ಟೇ ತಾನೇ ಅತ್ತೆ? ಹತ್ತದ ಹಾಗೆ ನೋಡಿಕೊಂಡಿದ್ದೀವಿ. ಒಂಬತ್ತು ಇದ್ದದ್ದು ಮೂರಾಯ್ತು. ಸೊನ್ನೆ ಆಗಲ್ಲ, ಅದಕ್ಕೇ ಆಗಾಗ ಮತ್ತೆ ಅಂಕ ಹಾಕ್ತಿರಬೇಕು. ಹೊಸ ಒಲೆ ಬಂದರೆ, ಹೊಸಬರು ಸೇರಿದರೆ, ಕೆಲಸ ಅವಸರದ್ದಾದರೆ."

ಆ ಕೋಣೆಯಲ್ಲಿ ಆಮೇಲೆ ಬೆಂಕಿ ಹತ್ತಿತೇ ಎಂದು ಕೇಳಬೇಡಿ. ಹತ್ತಲಿಲ್ಲ. ತಪ್ಪಿದ ಅಪಘಾತವನ್ನು ಯಾರೂ ಬಂದು ನೋಡುವುದಿಲ್ಲ, ಅದರ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಚಿಕ್ಕಮ್ಮ ಸಂಜೆ ಕಂಬಿ ಹಿಡಿದು ಎದ್ದು, ಅಕ್ಕನ ಜೊತೆ ಮಾತಾಡುತ್ತಾ ಮನೆಗೆ ಹೋಗುತ್ತಾರೆ. ಈಗ ಸ್ವಲ್ಪ ಜಾಸ್ತಿಯೇ ಮಾತಾಡುತ್ತಾರೆ. "ಇವತ್ತು ಹೊರಗಿನ ನೀರು ಬತ್ತೋದರಲ್ಲಿತ್ತು ಅಕ್ಕ," ಎನ್ನುತ್ತಾರೆ. ದೊಡ್ಡಮ್ಮನಿಗೆ ಬೈಗುಳ ನಾಲಗೆಯ ತುದಿಗೆ ಬರುತ್ತದೆ. ನುಂಗಿಕೊಂಡು, "ಹೇಳಿದ್ದು ಒಳ್ಳೇದಾಯ್ತು," ಎನ್ನುತ್ತಾರೆ. ಅವರಿಗೆ ಅದು ಎರಡನೇ ಒಲೆ ಎತ್ತಿದ್ದಕ್ಕಿಂತ ಭಾರದ ಕೆಲಸ.

ಓದುತ್ತಿರುವ, ಕೇಳುತ್ತಿರುವ ನೀವೂ ಯಾವುದೋ ಕೆಲಸದ ಜಾಗದಲ್ಲಿರುತ್ತೀರಿ. ಹೊಲಿಗೆ ಕೋಣೆ ಇರಬಹುದು, ಮರ ಕೊಯ್ಯುವ ಮಿಲ್ಲು ಇರಬಹುದು, ನೂರು ಜನರಿಗೆ ಅಡುಗೆ ಮಾಡುವ ಜಾಗ ಇರಬಹುದು. ಅಥವಾ ಸಂಘದವರೆಲ್ಲ ಸೇರಿ ಹೊಳೆ ನೋಡಲು ಪ್ರವಾಸ ಹೊರಟಿರಬಹುದು. ಹೊರಡುವ ಮುಂಚೆ, ಶುರುಮಾಡುವ ಮುಂಚೆ ಅರ್ಧ ಗಂಟೆ ಕೂತುಕೊಳ್ಳಿ. ಏನೇನು ಕೆಡಬಹುದು? ಆಗುವ ಸಾಧ್ಯತೆ ಎಷ್ಟು, ಆದರೆ ಪೆಟ್ಟು ಎಷ್ಟು? ಗುಣಿಸಿ ನೋಡಿ. ಬೀಜವೋ ಗುಂಡಿಯೋ ಕಲ್ಲೋ, ಕೈಗೆ ಸಿಕ್ಕಿದ್ದನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರೂ ಒಟ್ಟಿಗೆ ಬಿಚ್ಚಿ. ಆಗ ಹಿರಿಯರ ಮುಖ ನೋಡಿ ಅಂಕ ಹಾಕುವುದು ತಪ್ಪುತ್ತದೆ. ದೊಡ್ಡ ಅಂಕ ಬಂದ ಕೆಲಸವನ್ನು ಸರಿಮಾಡದೆ ಮುಟ್ಟಬೇಡಿ. ಅಪಾಯವನ್ನೇ ತೆಗೆದುಹಾಕಲು ಆಗುತ್ತದೆಯೇ ನೋಡಿ. ಆಗದಿದ್ದರೆ ದೂರ ಸರಿಸಿ, ಅದೂ ಆಗದಿದ್ದರೆ ಅಡ್ಡ ಏನಾದರೂ ಇಡಿ. ಹುಷಾರು ಎಂಬ ಮಾತನ್ನು ಕೊನೆಗೆ ಇಟ್ಟುಕೊಳ್ಳಿ.

ನಿಮ್ಮಲ್ಲಿ ಬಾಗಿಲಿಗೆ ಎಲ್ಲರಿಗಿಂತ ದೂರ ಕೂರುವವರು ಯಾರು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರು, ಎಲ್ಲರಿಗಿಂತ ಕಡಿಮೆ ಮಾತಾಡುವವರು ಯಾರು, ಒಮ್ಮೆ ಸುತ್ತ ನೋಡಿ. ಅವರನ್ನು ಮೊದಲು ಕೇಳಿ. ಕೇಳಿದ ಮೇಲೆ, ಏನೇ ಹೇಳಿದರೂ ಬೈಯಬೇಡಿ.